ಯಂತ್ರ ವಿಚಾರ: ಜೀಪಿನ ಕಡೆಗೀಲು

ಮಾಕಳಿಯಿಂದ ನಮ್ಮ ವಾಚಕರಾದ ಗೃಹಿಣಿಯೊಬ್ಬರು ಬರೆದ ಕಾಗದವೊಂದು ಎರಡು ತಿಂಗಳ ಕೆಳಗೆ ನಮ್ಮ ಕೈಸೇರಿತು. ಹೊಲಿಗೆಯ ಯಂತ್ರ, ನೀರೆತ್ತುವ ಪಂಪು, ಗ್ಯಾಸಿನ ಒಲೆ ಇವುಗಳ ವಿಷಯವಾಗಿ ಪ್ರಶ್ನೆ ಕೇಳುವವರೇ ಈ ಅಂಕಣಕ್ಕೆ ಹೆಚ್ಚು. ಈ ತಾಯಿಯವರು ಕೇಳಿರುವುದು ಜೀಪಿನ ವಿಷಯ. ಅವರ ಮಗನು ಎರಡು ವರ್ಷದ ಹಿಂದೆ ಹಳೆಯ ಜೀಪೊಂದನ್ನು ಕೊಂಡು ತಂದನಂತೆ. ಭಾನುವಾರ ಬಂದಿತೆಂದರೆ ಗೆಳೆಯರೊಡನೆ ಕಲ್ಲುಗುಡ್ಡ, ಕೆಸರುಹಳ್ಳಗಳನ್ನು ಹತ್ತಿ ಇಳಿಯುವುದೇ ಅವನಿಗೆ ವಿನೋದ. ಈಚೆಗೆ ದೊಡ್ಡ ಟೈರುಗಳನ್ನು ಹಾಕಿಸಿದನು. ಮೂರನೆಯ ಭಾನುವಾರವೇ ಗುಡ್ಡದ ನಡುವೆ ಹಿಂದಿನ ಅಚ್ಚಿನ ಶಾಫ್ಟು ಮುರಿದು, ರಾತ್ರಿ ಹನ್ನೊಂದು ಗಂಟೆಗೆ ಇನ್ನೊಬ್ಬರ ಗಾಡಿಯ ಹಗ್ಗಕ್ಕೆ ಕಟ್ಟಿಸಿಕೊಂಡು ಮನೆಗೆ ಬಂದನು. ಈಗ ಅಚ್ಚು, ಗೇರು, ಕ್ಲಚ್ಚು ಎಲ್ಲವನ್ನೂ ಬಲಪಡಿಸಲೇಬೇಕೆಂದು ಅವನ ಹಠ. ಅದಕ್ಕೆ ಅವನು ಹೇಳುವ ಮೊತ್ತವು ಜೀಪನ್ನು ಕೊಂಡ ಬೆಲೆಗಿಂತಲೂ ಹೆಚ್ಚು. ತಂಗಿಯ ಮದುವೆಗೆಂದು ಕೂಡಿಟ್ಟ ಹಣದಿಂದಲೇ ತೆಗೆಯಬೇಕು. ಅಷ್ಟನ್ನು ಕೊಟ್ಟರೆ ಗಾಡಿ ಮತ್ತೆ ಮುರಿಯದೆಂದು ನಂಬಬಹುದೇ, ಓಡುತ್ತಿರುವಾಗ ಚಕ್ರವೇ ಕಳಚಿಹೋಗುವ ಭಯವುಂಟೇ, ಎಂಬುವು ಅವರ ಎರಡು ಪ್ರಶ್ನೆಗಳು.

ಮಾಕಳಿಯೆಂದರೆ ಘಾಟಿ ಸುಬ್ರಹ್ಮಣ್ಯದ ಕಡೆಯ ಮಾಕಳಿದುರ್ಗವಲ್ಲ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲಕ್ಕೆ ಮುಂಚೆ ಸಿಕ್ಕುವ ಊರು. ಹಿಮಾಲಯ ಕಂಪನಿಯ ಔಷಧದ ಡಬ್ಬಿಗಳ ಮೇಲೆ ಅಚ್ಚಾಗಿರುವ ವಿಳಾಸದಲ್ಲಿ ಈ ಹೆಸರನ್ನು ವಾಚಕರು ಓದಿಯೇ ಇರುವರು. ಉತ್ತರವನ್ನು ಕಾಗದದಲ್ಲಿಯೇ ಬರೆದುಬಿಡಬಹುದಾಗಿತ್ತು. ಆದರೆ ಮುರಿದ ಕಬ್ಬಿಣವನ್ನು ಕಣ್ಣಾರೆ ಕಾಣದೆ ಮಾತನಾಡುವುದು, ರೋಗಿಯ ನಾಡಿಯನ್ನು ಹಿಡಿಯದೆ ಮದ್ದು ಕೊಟ್ಟಂತೆ. 2024ರ ನವೆಂಬರಿನಿಂದ ಮೆಟ್ರೋ ರೈಲು ಮಾದಾವರದವರೆಗೆ ಹೋಗುತ್ತಿದೆ. ಅಲ್ಲಿಂದ ಬಸ್ಸು ಹಿಡಿದು, ಜೀಪು ನಿಂತಿದ್ದ ಗ್ಯಾರೇಜನ್ನು ಸೇರಿದೆವು.

ಗಾಡಿಯ ಹಿಂಭಾಗವನ್ನು ಎತ್ತಿ ಎರಡು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ಮೇಸ್ತ್ರಿಯವರು ಅರವತ್ತು ದಾಟಿದವರು, ಜೀಪುಗಳ ಕೆಳಗೆ ಮಲಗಿಯೇ ತಲೆ ನರೆಸಿಕೊಂಡವರು. ತುಂಡಾದ ಶಾಫ್ಟಿನ ಎರಡು ಭಾಗಗಳನ್ನೂ ಒರೆಸಿ ನಮ್ಮ ಕೈಗೆ ಕೊಟ್ಟರು.

"ನೋಡಿ ಸಾರ್, ಎಷ್ಟು ಬಲವಿಲ್ಲದ ಮಾಲು!" ಎಂದನು ಹುಡುಗ.

"ಆತುರಪಡಬೇಡಪ್ಪಾ, ಮುರಿದ ಮುಖವನ್ನು ಬೆಳಕಿಗೆ ಹಿಡಿ" ಎಂದರು ಮೇಸ್ತ್ರಿ.

ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಬಿದಿಗೆಯ ಚಂದ್ರನಂತೆ ಒಂದು ಭಾಗವು ನುಣುಪಾಗಿ, ತುಕ್ಕಿನಿಂದ ಕಂದುಬಣ್ಣಕ್ಕೆ ತಿರುಗಿತ್ತು. ಉಳಿದ ಭಾಗವು ಆಗ ತಾನೇ ಒಡೆದ ಕಲ್ಲುಸಕ್ಕರೆಯಂತೆ ಹರಳುಹರಳಾಗಿ ಹೊಳೆಯುತ್ತಿತ್ತು. ಇದರ ಅರ್ಥವೇನೆಂದರೆ, ಬಿರುಕು ಆ ಭಾನುವಾರ ಹುಟ್ಟಿದ್ದಲ್ಲ. ಹಿಂದಿನ ಯಜಮಾನನ ಕಾಲದಿಂದಲೋ ಏನೋ ಒಳಗೊಳಗೇ ಬೆಳೆಯುತ್ತಿದ್ದಿತು. ತಂತಿಯನ್ನು ಅತ್ತಿತ್ತ ಬಾಗಿಸುತ್ತಿದ್ದರೆ ಕೊನೆಗೆ ತುಂಡಾಗುವುದನ್ನು ಮಕ್ಕಳೂ ಬಲ್ಲರು. ಒಂದು ಸಲದ ಬಾಗುವಿಕೆಯಿಂದ ಏನೂ ಆಗದ ಲೋಹವು ಸಾವಿರ ಸಲದ ಬಾಗುವಿಕೆಯಿಂದ ದಣಿಯುತ್ತದೆ. ಈ ಸಂಗತಿಯನ್ನು ಲೋಕವು ಕಲಿತದ್ದು ಬಹಳ ದುಃಖದಿಂದ. 1842ರ ಮೇ 8ರಂದು ಫ್ರಾನ್ಸಿನಲ್ಲಿ ವೆರ್ಸೇಲ್ಸಿನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೋಗಿಗಳಿಗೆ ಬೆಂಕಿ ಹತ್ತಿ, ಅನೇಕರು ಸತ್ತರು. ಆಮೇಲೆ ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರು ರೈಲಿನ ಅಚ್ಚುಗಳನ್ನು ವರ್ಷಗಟ್ಟಲೆ ತಿರುಗಿಸಿ ಬಾಗಿಸಿ ಪರೀಕ್ಷಿಸಿ, ಎಷ್ಟು ಭಾರವನ್ನು ಎಷ್ಟು ಸಲ ಹೊತ್ತರೆ ಉಕ್ಕು ಸೋಲುವುದೆಂದು ಲೆಕ್ಕ ಕಟ್ಟಿದರು. ನಮ್ಮ ಯಲಹಂಕದಲ್ಲಿ 1984ರಿಂದ ರೈಲ್ವೆಯ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆ ನಡೆಯುತ್ತಿದೆ. ಅಲ್ಲಿ ಅಚ್ಚುಗಳ ಒಡಲನ್ನು ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಪರೀಕ್ಷಿಸುವರು. ಜೀಪಿನ ಶಾಫ್ಟಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಬಿರುಕಿನಲ್ಲಿ ಇಳಿಯುವ ಕೆಂಪು ಬಣ್ಣವನ್ನು ಬಳಿದು, ಒರೆಸಿ, ಮೇಲೆ ಬಿಳಿಯ ಪುಡಿಯನ್ನು ಸಿಂಪಡಿಸಿದರೆ, ಕಣ್ಣಿಗೆ ಕಾಣದ ಬಿರುಕು ಕೆಂಪು ಗೆರೆಯಾಗಿ ಮೂಡುವುದು. ಗಾಡಿಯ ಮಿಕ್ಕ ಮೂರು ಶಾಫ್ಟುಗಳಿಗೂ ಮೊದಲು ಈ ಪರೀಕ್ಷೆಯಾಗಲಿ ಎಂದು ಹೇಳಿದೆವು. ಬಲಪಡಿಸುವ ಮಾತು ಅನಂತರದ್ದು.

ಈಗ ಎಂಜಿನ್ನಿನ ಬಲವು ಚಕ್ರಕ್ಕೆ ಹೋಗುವ ದಾರಿಯನ್ನು ಸ್ವಲ್ಪ ನೋಡೋಣ. ಎತ್ತಿನ ಗಾಡಿಯಲ್ಲಿ ಅಚ್ಚು ಭಾರವನ್ನು ಹೊರುತ್ತದೆಯೇ ಹೊರತು ಗಾಲಿಯನ್ನು ತಿರುಗಿಸುವುದಿಲ್ಲ. ಎಳೆಯುವ ಕೆಲಸ ಎತ್ತುಗಳದ್ದು. ಮೋಟಾರು ಗಾಡಿಯಲ್ಲಿ ಅಚ್ಚೇ ಗಾಲಿಯನ್ನು ತಿರುಗಿಸಬೇಕು. ಎಂಜಿನ್ನಿನಿಂದ ಕ್ಲಚ್ಚು, ಅಲ್ಲಿಂದ ಗೇರುಪೆಟ್ಟಿಗೆ. ನಾಲ್ಕು ಚಕ್ರಗಳೂ ಎಳೆಯುವ ಗಾಡಿಯಾದರೆ ಮುಂದಕ್ಕೂ ಹಿಂದಕ್ಕೂ ಬಲವನ್ನು ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆ. ಅದರಿಂದ ಉದ್ದನೆಯ ಪ್ರೊಪೆಲ್ಲರ್ ಶಾಫ್ಟುಗಳು, ಅವುಗಳ ತುದಿಯಲ್ಲಿ ಮೇಸ್ತ್ರಿಗಳು 'ಕ್ರಾಸು' ಎಂದು ಕರೆಯುವ ಕೂಡುಕೀಲುಗಳು. ಆಮೇಲೆ ಅಚ್ಚಿನ ಗುಂಡಿನೊಳಗೆ ಪಿನಿಯನ್ ಮತ್ತು ಕ್ರೌನ್ ಎಂಬ ಹಲ್ಲಿನ ಚಕ್ರಗಳು. ಕಡೆಗೆ ಎಡಬಲಗಳ ಶಾಫ್ಟು, ಗುಂಬ, ಗಾಲಿ. ಈ ದಾರಿಯಲ್ಲಿ ಬಲವು ಸುಮ್ಮನೆ ಸಾಗುವುದಿಲ್ಲ, ಹೆಜ್ಜೆ ಹೆಜ್ಜೆಗೂ ಬೆಳೆಯುತ್ತ ಹೋಗುವುದು. 1941ರಿಂದ ಯುದ್ಧಕ್ಕಾಗಿ ತಯಾರಾದ ವಿಲ್ಲೀಸ್ ಜೀಪೇ ಎಲ್ಲ ಜೀಪುಗಳ ಮೂಲಪುರುಷ. ಅದರ ಎಂಜಿನ್ನಿನ ತಿರುಚುವ ಬಲ ಸುಮಾರು 142 ನ್ಯೂಟನ್ ಮೀಟರು. ಎಂದರೆ ಒಂದು ಮೀಟರ್ ಉದ್ದದ ಸನ್ನೆಗೋಲಿನ ತುದಿಗೆ ಹದಿನಾಲ್ಕೂವರೆ ಕಿಲೋ ತೂಗುಹಾಕಿದಷ್ಟು. ಮೊದಲನೆಯ ಗೇರಿನಲ್ಲಿ ಅದು 2.66ರಷ್ಟು, ಟ್ರಾನ್ಸ್‌ಫರ್ ಪೆಟ್ಟಿಗೆಯ ಕೆಳಗಣ ಗೇರಿನಲ್ಲಿ 1.97ರಷ್ಟು, ಅಚ್ಚಿನ ಗುಂಡಿನಲ್ಲಿ 4.88ರಷ್ಟು ಹೆಚ್ಚುತ್ತದೆ. ಗುಣಿಸಿದರೆ ಇಪ್ಪತ್ತೈದೂವರೆ ಪಟ್ಟು. ಹದಿನಾಲ್ಕೂವರೆ ಕಿಲೋ ಇದ್ದದ್ದು, ಸವೆತದ ನಷ್ಟವನ್ನು ಬಿಟ್ಟರೆ, ಸುಮಾರು ಮುನ್ನೂರೆಪ್ಪತ್ತು ಕಿಲೋ ಆಗಿ ಅಚ್ಚಿಗೆ ಬರುತ್ತದೆ. 2020ರಲ್ಲಿ ಬಂದ ಹೊಸ ಥಾರ್ ಗಾಡಿಯ ಡೀಸೆಲ್ ಎಂಜಿನ್ನಿನ ಬಲವು 300 ನ್ಯೂಟನ್ ಮೀಟರು, ಎಂದರೆ ವಿಲ್ಲೀಸಿನ ಎರಡರಷ್ಟಕ್ಕೂ ಮೇಲೆ. ಹಳೆಯ ಜೀಪಿನ ಮೂಗಿನೊಳಗೆ ಹೊಸ ಎಂಜಿನ್ನನ್ನು ಕೂರಿಸಿ, ಅಚ್ಚುಗಳನ್ನು ಮಾತ್ರ ಅಜ್ಜನ ಕಾಲದ್ದನ್ನೇ ಉಳಿಸಿಕೊಳ್ಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಆದರೂ ಸಾಮಾನ್ಯವಾಗಿ ಶಾಫ್ಟು ಮುರಿಯದಿರುವುದಕ್ಕೆ ಕಾರಣವುಂಟು. ನೆಲದ ಹಿಡಿತಕ್ಕೆ ಒಂದು ಮಿತಿಯಿದೆ; ಆ ಮಿತಿ ಮೀರಿದೊಡನೆ ಟೈರು ಜಾರಿಬಿಡುತ್ತದೆ, ಶಾಫ್ಟು ಬದುಕುತ್ತದೆ. ದೊಡ್ಡ ಟೈರು ಮಾಡುವ ಅನ್ಯಾಯವು ಇಲ್ಲಿಯೇ. 28 ಅಂಗುಲದ ಟೈರನ್ನು ತೆಗೆದು 33 ಅಂಗುಲದ್ದನ್ನು ಹಾಕಿದರೆ, ನೆಲವು ಅಚ್ಚನ್ನು ತಿರುಚುವ ಸನ್ನೆಗೋಲು ನೂರಕ್ಕೆ ಹದಿನೆಂಟರಷ್ಟು ಉದ್ದವಾಯಿತು. ಉಬ್ಬುಹಲ್ಲಿನ ಟೈರಾದುದರಿಂದ ಹಿಡಿತವೂ ಹೆಚ್ಚಿತು. ಟೈರಿನ ತೂಕವೂ ಹೆಚ್ಚಿತು. ಕೆಸರಿನಲ್ಲಿ ಗಿರ್ರನೆ ತಿರುಗುತ್ತಿರುವ ಆ ಭಾರದ ಗಾಲಿ ಥಟ್ಟನೆ ಬಂಡೆಯನ್ನು ಕಚ್ಚಿಕೊಂಡರೆ, ತಿರುಗುವ ರಭಸವೆಲ್ಲ ಒಂದೇ ಕ್ಷಣದಲ್ಲಿ ಶಾಫ್ಟಿನ ಮೇಲೆ ಬೀಳುವುದು. ಮುರಿಯುವುದು ಆ ಕ್ಷಣದಲ್ಲಿ. ಒಂದು ಚಕ್ರವು ಜಾರಿದರೂ ಇನ್ನೊಂದು ಎಳೆಯುವಂತೆ ಮಾಡುವ 'ಲಾಕರ್' ಎಂಬ ಸಾಧನವನ್ನೂ ಹುಡುಗನು ಪಟ್ಟಿಯಲ್ಲಿ ಬರೆದಿದ್ದನು. ಅದು ಒಳ್ಳೆಯದೇ. ಆದರೆ ಮಾಮೂಲು ಅಚ್ಚು ಎಡಬಲದ ಶಾಫ್ಟುಗಳಿಗೆ ಬಲವನ್ನು ಸಮಭಾಗ ಮಾಡಿ ಕೊಡುತ್ತದೆ. ಲಾಕರ್ ಬಿಗಿದರೆ ನೆಲ ಕಚ್ಚಿದ ಒಂದೇ ಶಾಫ್ಟಿಗೆ ಇಡೀ ಬಲವೂ ಬರಬಹುದು. ಅಣ್ಣತಮ್ಮಂದಿರಿಬ್ಬರು ಹೊರುತ್ತಿದ್ದ ಸಾಲವನ್ನು ಒಬ್ಬನ ಹೆಗಲಿಗೇ ಹೊರಿಸಿದಂತೆ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಹುಡುಗನ ವಾದವು ಹೀಗೆ: ಶಾಫ್ಟು ಮುರಿಯಿತು, ದಪ್ಪನೆಯ ಶಾಫ್ಟನ್ನು ಹಾಕಿದರಾಯಿತು. ನಮ್ಮ ಮನೆಗಳಲ್ಲಿ ಹಿಂದೆ ಪಿಂಗಾಣಿಯ ಫ್ಯೂಸು ಇದ್ದುದನ್ನು ವಾಚಕರು ಮರೆತಿರಲಾರರು. ಅದರ ತೆಳ್ಳನೆಯ ತಂತಿ ಪದೇ ಪದೇ ಸುಟ್ಟುಹೋಗುವುದೆಂದು ಬೇಸತ್ತು, ಅಲ್ಲಿಗೆ ದಪ್ಪ ತಂತಿಯನ್ನು ಸುತ್ತಿದ ಮಹಾಶಯರೂ ಇದ್ದರು. ಫ್ಯೂಸು ಆಮೇಲೆ ಸುಡಲಿಲ್ಲ, ನಿಜ. ಸುಟ್ಟದ್ದು ಗೋಡೆಯೊಳಗಿನ ತಂತಿ. ಜೀಪಿನ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ಶಾಫ್ಟನ್ನು ಬಲಪಡಿಸಿದರೆ ಪೆಟ್ಟು ಹಿಂದಕ್ಕೆ ಸರಿದು ಪಿನಿಯನ್ನಿನ ಹಲ್ಲಿಗೆ ಬೀಳುವುದು. ಅದನ್ನೂ ಗಟ್ಟಿಮಾಡಿದರೆ ಟ್ರಾನ್ಸ್‌ಫರ್ ಪೆಟ್ಟಿಗೆಗೆ. ಅದಕ್ಕೂ ಹಣ ಸುರಿದರೆ ಗೇರುಪೆಟ್ಟಿಗೆಗೆ. ಒಳಗೊಳಗೆ ಹೋದಷ್ಟೂ ಬಿಚ್ಚುವ ಕಷ್ಟ ಹೆಚ್ಚು, ಬೆಲೆಯೂ ಹೆಚ್ಚು. ಆದಕಾರಣ ಬಲ್ಲವರು "ಎಲ್ಲಿಯೂ ಮುರಿಯಬಾರದು" ಎಂದು ಗಾಡಿ ಕಟ್ಟುವುದಿಲ್ಲ. ಮುರಿಯುವುದಾದರೆ ಎಲ್ಲಿ ಮುರಿಯಲಿ ಎಂಬುದನ್ನು ಮೊದಲೇ ಗೊತ್ತುಮಾಡುವರು. ಮೇಸ್ತ್ರಿಯವರನ್ನು ಕೇಳಿದೆವು. ಅವರು ಮಾತನಾಡದೆ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕ್ರಾಸನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಅದು ಗಾಡಿಯ ಹೊರಗಡೆಯೇ ಇದೆ, ಬೆಲೆ ಕಡಿಮೆ, ಸುತ್ತಿಗೆ, ಇಕ್ಕಳ, ಎರಡು ಪಾನಾಗಳಿದ್ದರೆ ದಾರಿಯ ಪಕ್ಕದಲ್ಲಿ ಕುಳಿತು ಬದಲಾಯಿಸಬಹುದು. ಜೀಪಿನ ಫ್ಯೂಸು ಅದೇ ಆಗಬೇಕು. ಅದಕ್ಕೆ ಹೊರಗಿರುವ ಭಾಗಗಳು, ಎಂದರೆ ಶಾಫ್ಟು ಗುಂಬಗಳು, ಅದಕ್ಕಿಂತ ಗಟ್ಟಿಯಾಗಿದ್ದರೆ ಸಾಕು. ಅದನ್ನೇ ಹೆಚ್ಚು ಗಟ್ಟಿಮಾಡಲು ಹೋಗಬಾರದು.

ಹಾಗಾದರೆ ಶಾಫ್ಟನ್ನು ಗಟ್ಟಿಮಾಡುವುದು ಹೇಗೆ? ದುಂಡನೆಯ ಸಲಾಕೆಯು ತಿರುಚನ್ನು ತಡೆಯುವ ಶಕ್ತಿಯು ಅದರ ದಪ್ಪದ ಘನದಂತೆ ಬೆಳೆಯುತ್ತದೆ. 28 ಮಿಲಿಮೀಟರಿನ ಶಾಫ್ಟನ್ನು 32ಕ್ಕೆ ಏರಿಸಿದರೆ ದಪ್ಪವು ಏಳರಲ್ಲೊಂದು ಭಾಗ ಮಾತ್ರ ಹೆಚ್ಚಿತು, ಶಕ್ತಿಯಾದರೋ ಒಂದೂವರೆಯಷ್ಟಾಯಿತು. ಆದರೆ ಹಳೆಯ ಗುಂಡಿನೊಳಗೆ ದಪ್ಪ ಶಾಫ್ಟಿಗೆ ಜಾಗವಿರಬೇಕಲ್ಲ! ಇಲ್ಲದಿದ್ದರೆ ಉಕ್ಕಿನ ಜಾತಿಯನ್ನೇ ಬದಲಾಯಿಸಬೇಕು. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಶಾಫ್ಟು ಕಡೆಯುವವರು, ಹಲ್ಲು ಕೊಯ್ಯುವವರು, ಹದ ಹಾಕುವವರು ಧಾರಾಳವಾಗಿದ್ದಾರೆ. ಮಾಕಳಿಯವರಿಗೆ ಅದು ನೆರೆಮನೆಯಿದ್ದಂತೆ. ಅಲ್ಲಿ ಈ.ಎನ್. 8 ಎಂಬ ಸಾಮಾನ್ಯ ಉಕ್ಕೂ ದೊರೆಯುವುದು, ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಈ.ಎನ್. 24 ಎಂಬ ಮಿಶ್ರ ಉಕ್ಕೂ ದೊರೆಯುವುದು. ಕಡೆದು ಮುಗಿಸಿದ ಮೇಲೆ ಎರಡೂ ಒಂದೇ ರೀತಿ ಹೊಳೆಯುವುದರಿಂದ ಮೋಸಹೋಗುವುದು ಸುಲಭ. ಉಕ್ಕಿನ ಪರೀಕ್ಷಾ ಪತ್ರವನ್ನು ಕೇಳಿ ಪಡೆಯಬೇಕು. ಅದಕ್ಕಿಂತಲೂ ದೊಡ್ಡದು ಹದ. ನೇಗಿಲ ಕುಳವನ್ನು ಕಾಯಿಸಿ ನೀರಿಗದ್ದಿದ ಕಮ್ಮಾರನು ಅಷ್ಟಕ್ಕೇ ಬಿಡುವುದಿಲ್ಲ, ಮತ್ತೆ ಹಿತವಾಗಿ ಬಿಸಿ ತೋರಿಸಿ ಅದರ ಕಡುಪನ್ನು ಇಳಿಸುವನು. ಇಲ್ಲದಿದ್ದರೆ ಅದು ಕಲ್ಲಿಗೆ ತಾಗಿದೊಡನೆ ಗಾಜಿನಂತೆ ಸಿಡಿಯುವುದು. ಶಾಫ್ಟಿಗೂ ಹಾಗೆಯೇ, ಗಡಸುತನವೊಂದನ್ನೇ ಹೆಚ್ಚಿಸಿದರೆ ಜಿಗುಟುತನ ಹೋಗುತ್ತದೆ. ಮುರಿದುದನ್ನು ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕಿಕೊಳ್ಳುವ ಯೋಚನೆಯನ್ನಂತೂ ಯಾರೂ ಮಾಡಕೂಡದು. ಬೆಸುಗೆಯ ಬಿಸಿಯಲ್ಲಿ ಆ ಹದವೆಲ್ಲ ಕೆಟ್ಟುಹೋಗಿರುವುದು.

ಇನ್ನೊಂದು ವಿಚಿತ್ರವುಂಟು. ಶಾಫ್ಟಿನ ತುದಿಯಲ್ಲಿ ಹಲ್ಲುಗೀರುಗಳಿರುತ್ತವೆ. ಮುರಿತವು ಸಾಮಾನ್ಯವಾಗಿ ಆ ಗೀರುಗಳು ಮುಗಿಯುವ ಕಡೆ ಹುಟ್ಟುವುದು. ಆದುದರಿಂದ ಕುಶಲರು ಶಾಫ್ಟಿನ ನಡುವಣ ಉದ್ದವನ್ನು ಗೀರುಗಳ ಬುಡದ ಅಳತೆಗೆ ತೆಳ್ಳಗೆ, ನುಣುಪಾಗಿ ಕಡೆಯುವರು. ತೆಳ್ಳಗೆ ಮಾಡಿದರೆ ಬಲ ಹೆಚ್ಚುವುದೇ ಎಂದು ಹುಡುಗನು ನಕ್ಕನು. ಒಂದೇ ಕಡೆ ಬೀಳುತ್ತಿದ್ದ ತಿರುಚು ಆಗ ಉದ್ದಕ್ಕೂ ಹಂಚಿಹೋಗಿ, ಶಾಫ್ಟು ಬೆತ್ತದಂತೆ ಸ್ವಲ್ಪ ತಿರುಚಿಕೊಂಡು ಮತ್ತೆ ನೆಟ್ಟಗಾಗುವುದೆಂದು ಮೇಸ್ತ್ರಿ ವಿವರಿಸಿದ ಮೇಲೆ ನಗು ನಿಂತಿತು.

ತಾಯಿಯವರ ಎರಡನೆಯ ಪ್ರಶ್ನೆಗೆ, ಎಂದರೆ ಚಕ್ರ ಕಳಚುವ ಭಯಕ್ಕೆ, ಉತ್ತರವು ಅಚ್ಚಿನ ಕಟ್ಟಡದಲ್ಲಿದೆ. ಯುದ್ಧಕಾಲದ ವಿಲ್ಲೀಸಿನಲ್ಲಿ ಗಾಡಿಯ ಭಾರವನ್ನು ಅಚ್ಚಿನ ಕೊಳವೆಯೇ ಹೊರುತ್ತಿದ್ದಿತು. ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಅದು ಮುರಿದರೂ ಗಾಲಿ ಸ್ಥಾನ ಬಿಡುತ್ತಿರಲಿಲ್ಲ. ಯುದ್ಧಾನಂತರದ ಅನೇಕ ಜೀಪುಗಳ ಹಿಂದಿನ ಅಚ್ಚಿನಲ್ಲಿ ಶಾಫ್ಟೇ ಭಾರವನ್ನೂ ಹೊರಬೇಕು. ಅದು ಒಳತುದಿಯಲ್ಲಿ ಮುರಿದರೆ ಗಾಡಿ ನಿಲ್ಲುವುದು, ಅಷ್ಟೆ. ಈ ಹುಡುಗನ ಭಾಗ್ಯಕ್ಕೆ ಆದದ್ದು ಅದೇ. ಹೊರತುದಿಯಲ್ಲಿ, ಗುಂಬದ ಬಳಿ ಮುರಿದರೆ ಗಾಲಿಯು ಬ್ರೇಕಿನ ಡ್ರಮ್ಮಿನೊಡನೆ ಹೊರಕ್ಕೆ ಬರಬಹುದು. ಹಲವು ಹಳೆಯ ಜೀಪುಗಳಲ್ಲಿ ಶಾಫ್ಟಿನ ಹೊರತುದಿಯು ಮೊನಚಾಗಿದ್ದು, ಗುಂಬವನ್ನು ಅದರ ಮೇಲೆ ಕೂರಿಸಿ, ಒಂದು ಸಣ್ಣ ಕೀಲಿಯನ್ನಿಟ್ಟು, ಒಂದು ನಟ್ಟಿನಿಂದ ಬಿಗಿದಿರುವರು. ಎತ್ತಿನ ಗಾಡಿಯ ಕಡೆಗೀಲು ಮಾಡುವ ಕೆಲಸವನ್ನೇ ಇಲ್ಲಿ ಆ ನಟ್ಟು ಮಾಡುತ್ತಿದೆ. ಅದು ಸಡಿಲವಾದರೆ ಗುಂಬ ಅಲುಗಿ, ಕೀಲಿ ಕತ್ತರಿಸಿ, ಶಾಫ್ಟಿನ ಮೊನೆಯೇ ಸವೆದುಹೋಗುವುದು. ಮೇಸ್ತ್ರಿಯವರು ಇನ್ನೊಂದು ಪಕ್ಕದ ಮುಚ್ಚಳವನ್ನು ತೆಗೆದು ಪಾನಾ ಹಾಕಿದರು. ನಟ್ಟು ಮುಕ್ಕಾಲು ಸುತ್ತು ಸಲೀಸಾಗಿ ತಿರುಗಿತು! ಹುಡುಗನ ಮುಖ ಸಪ್ಪಗಾಯಿತು. ಲಕ್ಷಗಳ ಪಟ್ಟಿ ಬರೆದಿದ್ದವನು, ಹೆಂಡತಿಮಕ್ಕಳಿರುವ ಗೆಳೆಯರನ್ನು ಹಿಂದೆ ಕೂರಿಸಿಕೊಂಡು ಹೋಗುವವನು, ಈ ನಟ್ಟನ್ನು ಎರಡು ವರ್ಷದಿಂದ ಮುಟ್ಟಿ ನೋಡಿರಲಿಲ್ಲ. ಬಿಗಿಯನ್ನು ಅಳೆಯುವ ಪಾನಾದಿಂದ, ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿದು, ಅಡ್ಡಪಿನ್ನನ್ನು ಹೊಸದಾಗಿ ಹಾಕುವುದಕ್ಕೆ ಕಾಲು ಗಂಟೆಯೂ ಬೇಡ.

ಖರ್ಚಿಲ್ಲದೆ ಆಗುವ ಬಲವರ್ಧನೆಯೂ ಉಂಟು. ಕೊಲ್ಲೂರಿನ ಕಡೆಯಿಂದ ಭಕ್ತರನ್ನು ಕೊಡಚಾದ್ರಿಗೆ ಹತ್ತಿಸುವ ಜೀಪುಗಳನ್ನು ನೋಡಿದವರು ಬಲ್ಲರು. 1,343 ಮೀಟರು ಎತ್ತರದ ಬೆಟ್ಟ, ಕಲ್ಲುಗುಂಡುಗಳ ದಾರಿ, ತುಂಬಿದ ಗಾಡಿ. ಆದರೂ ಚಾಲಕರು ಕೆಳಗಣ ಗೇರಿನಲ್ಲಿ, ಬಸುರಿಯನ್ನು ಕರೆದೊಯ್ಯುವವರಂತೆ ಮೆಲ್ಲಗೆ ಹತ್ತಿಸುವರು. ಚಕ್ರವು ತಿರುಗಿದಲ್ಲೇ ತಿರುಗಿದರೆ ಕೂಡಲೇ ಕಾಲನ್ನು ಎತ್ತುವರು. ಗಾಡಿಯೇ ಅವರ ಅನ್ನ. ಮುರಿದರೆ ಆ ದಿನದ ಕೂಲಿ ಹೋಯಿತು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿಕೊಂಡು ಎಂಜಿನ್ನನ್ನು ರೊಯ್ಯೆನ್ನಿಸಕೂಡದು. ಮುಂದಿನ ಅಚ್ಚಿನ ಕೂಡುಕೀಲು ಅತಿ ದುರ್ಬಲವಾಗಿರುವುದು ಆ ಭಂಗಿಯಲ್ಲಿಯೇ. ಕಡಿದಾದ ಏರನ್ನು ಹಿಮ್ಮುಖವಾಗಿ ರಭಸದಿಂದ ಹತ್ತಕೂಡದು. ಹಿಂದಿನ ಅಚ್ಚಿನ ಹಲ್ಲುಗಳು ಆಗ ತಮ್ಮ ದುರ್ಬಲವಾದ ಮಗ್ಗುಲಿನ ಮೇಲೆ ಒತ್ತಿಸಿಕೊಳ್ಳುವುವು. ಹಳೆಯ ಜೀಪಿನಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಸಾಧನವಿಲ್ಲ. ಆದುದರಿಂದ ಗುಡ್ಡವಿಳಿದು ತುಮಕೂರು ರಸ್ತೆಯ ಒಣ ಡಾಂಬರಿಗೆ ಬಂದೊಡನೆ ನಾಲ್ಕು ಚಕ್ರದ ಸನ್ನೆಯನ್ನು ಬಿಡಿಸಬೇಕು. ಮರೆತರೆ ತಿರುವು ತಿರುವಿಗೂ ಶಾಫ್ಟುಗಳು ಒಂದನ್ನೊಂದು ತಿರುಚುತ್ತಲೇ ಇರುವುವು. ಹಳ್ಳ ದಾಟುವಾಗ ಬಿಸಿಯಾದ ಗುಂಡು ತಣ್ಣೀರಿಗೆ ಬಿದ್ದು, ಉಸಿರುಕೊಳವೆಯ ಮೂಲಕ ನೀರನ್ನು ಹೀರುವುದು. ಈ ಜೀಪಿನ ಹಿಂದಿನ ಗುಂಡಿನಿಂದ ಹರಿದ ಎಣ್ಣೆಯು ಮಜ್ಜಿಗೆಯ ಬಣ್ಣಕ್ಕೆ ಬಂದಿದ್ದಿತು. ಆ ಕೊಳವೆಗೆ ರಬ್ಬರು ನಳಿಗೆಯನ್ನು ಸೇರಿಸಿ ಎತ್ತರಕ್ಕೆ ಕಟ್ಟಿದರೆ ಹಲ್ಲುಗಳು ಇನ್ನು ಹತ್ತು ವರ್ಷ ಬಾಳುವುವು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಮೂದಿಸಿದ ವಿವರಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಸವೆದ ಭಾಗಕ್ಕೆ ಅದೇ ಅಳತೆಯ ಒಳ್ಳೆಯ ಭಾಗವನ್ನು ಹಾಕುವುದು ದುರಸ್ತಿ. ಬೇರೆ ಎಂಜಿನ್ನು, ಮೈಯಿಂದ ಹೊರಚಾಚುವ ಟೈರು, ಇವು ದುರಸ್ತಿಯಲ್ಲ. ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲನೆಯ ಪ್ರಶ್ನೆಗೆ ಆಗ ಮನೆಯವರು ಉತ್ತರ ಹೇಳಬೇಕಾಗುವುದು.

ಮಧ್ಯಾಹ್ನ ಅವರ ಮನೆಯಲ್ಲಿ ಮುದ್ದೆ ಸೊಪ್ಪಿನ ಸಾರಿನ ಊಟವಾದ ಮೇಲೆ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತೆವು. ದೊಡ್ಡ ಟೈರುಗಳನ್ನು ಮಾರಿ ಹಳೆಯ ಅಳತೆಯವನ್ನು ಹಾಕುವುದು. ಹಿಂದಿನ ಎರಡು ಶಾಫ್ಟುಗಳನ್ನೂ ಮಿಶ್ರ ಉಕ್ಕಿನಲ್ಲಿ, ಮೂಲದ ಅಳತೆಗೇ ಹೊಸದಾಗಿ ಮಾಡಿಸುವುದು. ಗುಂಬದ ಕೀಲಿ ನಟ್ಟುಗಳು, ಬೇರಿಂಗು, ಎಣ್ಣೆ. ಎರಡು ಕ್ರಾಸುಗಳನ್ನು ಕೊಂಡು ಹತಾರಗಳ ಪೆಟ್ಟಿಗೆಯಲ್ಲಿಡುವುದು. ಲಾಕರ್, ಹೊಸ ಕ್ಲಚ್ಚು, ಗೇರುಗಳು ಎಲ್ಲವನ್ನೂ ಹೊಡೆದುಹಾಕಿದೆವು. ಮೊತ್ತವು ಹುಡುಗನು ಕೇಳಿದುದರಲ್ಲಿ ಹತ್ತರಲ್ಲೊಂದು ಭಾಗವೂ ಆಗಲಿಲ್ಲ. ಟೈರಿನ ವಿಷಯದಲ್ಲಿ ಅವನು ಬಹಳ ಹೊತ್ತು ಒಪ್ಪಲಿಲ್ಲ. ಕಡೆಗೆ ತಾಯಿಯವರೇ, "ಟೈರು ದೊಡ್ಡದು ಬೇಕಾದರೆ ನಿನ್ನ ಸಂಬಳದಿಂದ ಅಚ್ಚು ಮಾಡಿಸಿಕೋ, ಮಗು" ಎಂದು ತೀರ್ಮಾನ ಹೇಳಿದರು.

ಮೊನ್ನೆ ಅವರಿಂದ ಎರಡನೆಯ ಕಾಗದ ಬಂದಿತು. ಕಳೆದ ಭಾನುವಾರ ಗುಡ್ಡದ ಮೇಲೆ ಮತ್ತೆ ಠಳ್ಳೆಂದು ಶಬ್ದವಾಗಿ ಗಾಡಿ ನಿಂತಿತಂತೆ. ಮುರಿದದ್ದು ಹಿಂದಿನ ಪ್ರೊಪೆಲ್ಲರಿನ ಕ್ರಾಸು. ಗಾಲಿಗಳಿಗೆ ಕಲ್ಲು ಕೊಟ್ಟು, ಮಗನು ಕೆಳಗೆ ನುಸುಳಿ ಮುಕ್ಕಾಲು ಗಂಟೆಯಲ್ಲಿ ಬೇರೆಯದನ್ನು ಹಾಕಿ, ರಾತ್ರಿಯ ಊಟದ ಹೊತ್ತಿಗೆ ಮನೆಗೆ ಬಂದನು. ಮುರಿದ ತುಂಡನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕೈತೊಳೆಯಲು ಹೋದನೆಂದೂ, ಆ ಜಿಡ್ಡನ್ನು ಕಡಪದ ಕಲ್ಲಿನಿಂದ ತೆಗೆಯುವ ಉಪಾಯವೇನೆಂದೂ ತಾಯಿಯವರು ಕೇಳಿದ್ದಾರೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಸೀಗೆಪುಡಿಯ ಬಿಸಿನೀರಿನಲ್ಲಿ ತೊಳೆಯತಕ್ಕದ್ದು.